ಹೂವಿಗೆ ಅಂಬರ, ಸೆರಗಿಗೆ ತೆನೆ: ತೋಟ ಮತ್ತು ಮಗ್ಗಗಳ ನಾಮಕರಣ

ಕನ್ನಡದಲ್ಲಿ ಸಸ್ಯನಾಮಗಳ ಅಧ್ಯಯನವು ಬಹುಮಟ್ಟಿಗೆ ನಿಘಂಟುಕಾರರ ಹಾಗೂ ವೈದ್ಯಶಾಸ್ತ್ರಜ್ಞರ ಆಸಕ್ತಿಯ ಫಲವಾಗಿ ಬೆಳೆದು ಬಂದಿದೆ. ವಸ್ತ್ರನಾಮಗಳಾದರೋ ಜಾನಪದ ಸಂಗ್ರಹಕಾರರ ಪಾಲಿಗೆ ಬಂದಿವೆ. ಒಂದರ ಲಕ್ಷ್ಯ ವಸ್ತುವಿನ ಗುರುತು. ಇನ್ನೊಂದರ ಲಕ್ಷ್ಯ ಹಾಡು, ಆಚರಣೆ ಮತ್ತು ಉಡುಗೆ. ಈ ಎರಡೂ ಕ್ಷೇತ್ರಗಳ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಯತ್ನ ವಿರಳ. ಹಾಗೆ ನೋಡಿದಾಗ ಹಿತ್ತಲಿನ ಗಿಡಕ್ಕೆ ಹೆಸರಿಟ್ಟ ಕಣ್ಣು ಮತ್ತು ಮಗ್ಗದ ಮೇಲಿನ ಸೆರಗಿಗೆ ಹೆಸರಿಟ್ಟ ಕಣ್ಣು ಬೇರೆಬೇರೆಯಲ್ಲ ಎಂಬುದು ಕಾಣುತ್ತದೆ. ಹೂವಿನ ಹೆಸರು ಬಟ್ಟೆಯಿಂದ ಬಂದಿರುವುದುಂಟು, ಹೊಲಿಗೆಯ ಹೆಸರು ಕಾಳಿನಿಂದ ಬಂದಿರುವುದುಂಟು. ಈ ಕೊಡುಕೊಳೆಯ ತರ್ಕವನ್ನು ಗುರುತಿಸದೆ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸಿ ಪಟ್ಟಿ ಮಾಡಿದ್ದರಿಂದ ಕೆಲವು ತಪ್ಪುಗಳು ಕೈಪಿಡಿಯಿಂದ ಕೈಪಿಡಿಗೆ ಸಾಗುತ್ತ ಪ್ರಮಾಣದ ಸ್ಥಾನ ಪಡೆದಿವೆ. ಅವುಗಳಲ್ಲಿ ಇಳಕಲ್ ಸೆರಗಿನ ಹೆಸರುಗಳದು ಮುಖ್ಯವಾದುದು.

ಮೊದಲು ಹೂವಿನಿಂದ ಆರಂಭಿಸಬಹುದು. ಕನಕಾಂಬರ ಎಂಬ ಹೆಸರನ್ನು ದಿನವೂ ಆಡುವವರಿಗೆ ಅದು ಸಮಾಸಪದವೆಂಬ ನೆನಪೂ ಇರುವುದಿಲ್ಲ. ಕನಕ ಮತ್ತು ಅಂಬರ, ಎಂದರೆ ಹೊನ್ನಿನ ಬಟ್ಟೆ. ತೆಲುಗು ತಮಿಳುಗಳಲ್ಲಿಯೂ ಇದೇ ಹೆಸರು ರೂಢಿಯಲ್ಲಿದೆ. ಕರಾವಳಿಯಲ್ಲಿಯೂ ಉತ್ತರ ಕರ್ನಾಟಕದ ಹಲವೆಡೆಯೂ ಅಬ್ಬಲಿಗೆ ಎಂಬ ಮಾತಿದೆ. ಈ ಹೂವಿಗೆ ಪರಿಮಳವಿಲ್ಲ. ಮುಡಿಯುವ ಹೂಗಳಲ್ಲಿ ಇದು ಅಪರೂಪದ ಕೊರತೆ. ಆದ್ದರಿಂದ ಹೆಸರಿಟ್ಟವರು ಪರಿಮಳವನ್ನು ಬಿಟ್ಟು ಬಣ್ಣ ಮತ್ತು ಮೈಯನ್ನು ನೋಡಿದ್ದಾರೆ. ಒಂದೇ ಬದಿಗೆ ಬೀಸಣಿಗೆಯಂತೆ ಹರಡಿಕೊಳ್ಳುವ ಅದರ ತೆಳುವಾದ ದಳ ನೋಡುವವರಿಗೆ ಬಟ್ಟೆಯ ತುಂಡಿನಂತೆಯೇ ಕಾಣುತ್ತದೆ. ವಿಶೇಷವೆಂದರೆ ಇದಕ್ಕೆ ಸಸ್ಯಶಾಸ್ತ್ರವು ಕೊಟ್ಟ ಕ್ರಾಸಾಂಡ್ರ ಎಂಬ ಕುಲನಾಮದಲ್ಲಿಯೂ ಬಟ್ಟೆಯ ಅಂಶವಿದೆ. ಅದರ ಮೊದಲ ಭಾಗ ಗ್ರೀಕ್ ಭಾಷೆಯಲ್ಲಿ ವಸ್ತ್ರದ ಕುಚ್ಚು ಅಥವಾ ಜಾಲರಿಯಂಚನ್ನು ಹೇಳುವ ಶಬ್ದ. ಎರಡನೆಯದು ಪುಂಕೇಸರಕ್ಕೆ ಸಂಬಂಧಿಸಿದ್ದು. ಕುಚ್ಚಿನಂಥ ಪರಾಗಕೋಶವುಳ್ಳದ್ದು ಎಂಬುದು ತಾತ್ಪರ್ಯ. ದಕ್ಷಿಣ ಭಾರತದ ಮುಡಿ ದಳವನ್ನು ನೋಡಿ ಬಟ್ಟೆ ಎಂದಿತು, ಯೂರೋಪಿನ ಭೂತಗನ್ನಡಿ ಪರಾಗಕೋಶವನ್ನು ನೋಡಿ ಬಟ್ಟೆಯಂಚು ಎಂದಿತು. ಪರಸ್ಪರ ಸಂಬಂಧವಿಲ್ಲದ ಎರಡು ನಾಮಕರಣಗಳು ಒಂದೇ ರೂಪಕಕ್ಷೇತ್ರಕ್ಕೆ ಬಂದು ನಿಂತಿರುವುದು ಆಕಸ್ಮಿಕವಿರಬಹುದು. ಆದರೆ ಎರಡೂ ಗಿಡವನ್ನು ನೋಡಿಯೇ ಇಟ್ಟ ಹೆಸರುಗಳು.

ಮಲ್ಲಿಗೆಯ ವಿಷಯ ಬೇರೆ. ಅಲ್ಲಿ ಹೆಸರು ಪರಿಮಳದ ಸುತ್ತ ಕಟ್ಟಿಕೊಂಡಿಲ್ಲ, ಏಕೆಂದರೆ ಪರಿಮಳ ಎಲ್ಲಕ್ಕೂ ಸಮಾನ. ಭೇದ ಹೇಳಬೇಕಾದ ಕಡೆ ರೂಪ ಮುಂದೆ ಬರುತ್ತದೆ: ದುಂಡುಮಲ್ಲಿಗೆ, ಮೊಗ್ಗಿನ ಸಪೂರ ಮೊನೆಯನ್ನು ಸೂಚಿಸುವ ಸೂಜಿಮಲ್ಲಿಗೆ, ದಳದ ಪದರಗಳನ್ನು ಎಣಿಸುವ ಏಳುಸುತ್ತಿನ ಮಲ್ಲಿಗೆ. ಮುಂದೆ ಮಲ್ಲಿಗೆ ಎಂಬುದೇ ಕುಲವಾಚಕದ ಮಿತಿಯನ್ನು ದಾಟಿ, ಬೆಳ್ಳಗೆ ಅಥವಾ ಕಂಪಾಗಿ ಅರಳುವ ಯಾವುದಕ್ಕೂ ಸಲ್ಲುವ ಮರ್ಯಾದೆಯ ಪದವಾಗುತ್ತದೆ. ಸಂಜೆಮಲ್ಲಿಗೆ ಮಲ್ಲಿಗೆಯ ಬಳಗದ್ದಲ್ಲ, ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಗಿಡ. ಬಹುವೇಳೆ ಅದು ಬೆಳ್ಳಗೂ ಇರುವುದಿಲ್ಲ. ಆಕಾಶಮಲ್ಲಿಗೆ ಎತ್ತರದ ಮರ. ಇದೇ ಮರಕ್ಕೆ ತೊಗಟೆಯ ಗುಣದಿಂದ ಬಿರಟೆ ಮರ ಎಂಬ ಹೆಸರೂ ಇದೆ. ಬಿರಟೆ ಎಂದವರು ಮರವನ್ನು ಕೈಯಿಂದ ಮುಟ್ಟಿ ನೋಡಿದವರು, ಆಕಾಶಮಲ್ಲಿಗೆ ಎಂದವರು ಬೆಳಗಿನ ಹೊತ್ತು ಅದರಡಿಯಲ್ಲಿ ಹೂ ಆಯ್ದವರು. ನಿಘಂಟು ಇವೆರಡನ್ನು ಸಮಾನಾರ್ಥಕಗಳೆಂದು ಒಂದೇ ಸಾಲಿನಲ್ಲಿ ಕೊಡುತ್ತದೆ. ಸೂಚಿಸುವ ವಸ್ತುವಿನ ದೃಷ್ಟಿಯಿಂದ ಅದು ಸರಿ. ನಾಮಕರಣದ ದೃಷ್ಟಿಯಿಂದ ಮಾತ್ರ ಅವು ಎರಡು ಬೇರೆ ಅನುಭವಗಳು.

ಹೊರಗಿನಿಂದ ಬಂದ ಗಿಡಗಳಿಗೆ ಊರಿನ ಹೆಸರಿಡುವ ಕ್ರಮ ಕನ್ನಡದಲ್ಲಿ ಎಷ್ಟು ಬಲವಾಗಿತ್ತೆಂದರೆ ಅವುಗಳ ಹೊರಗಿನತನವೇ ಮರೆತುಹೋಯಿತು. ಮೆಕ್ಸಿಕೋದ ಚೆಂಡುಹೂ ಇಲ್ಲದೆ ಆಯುಧಪೂಜೆ ಆಗದು. ಅದೇ ದೇಶದ ಸುಗಂಧರಾಜ ಮದುವೆಯ ಹಾರಕ್ಕೆ ಬೇಕೇ ಬೇಕು. ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಕೃತಿಯಲ್ಲಿ ಅಡುಗೆಮನೆಯ ಬಗ್ಗೆ ಎತ್ತಿದ ಪ್ರಶ್ನೆಯನ್ನು ಹೂದೋಟಕ್ಕೂ ವಿಸ್ತರಿಸಬಹುದಾಗಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನ ಲೇಖಕರಾದ ಸ್ವಾಮಿಯವರು ಸ್ವತಃ ನಾಮಕರಣ ಮಾಡಿದ ವಿಜ್ಞಾನಿಯೂ ಹೌದು. ತಾವು ವಿವರಿಸಿದ ಸಸ್ಯಗಳಿಗೆ ಇರ್ವಿಂಗ್ ಬೈಲಿ, ಪಿ. ಮಹೇಶ್ವರಿ ಮೊದಲಾದ ವಿದ್ವಾಂಸರ ಹೆಸರಿಟ್ಟು ಅವರು ಗುರುಋಣ ತೀರಿಸಿದರು. ವ್ಯಕ್ತಿಯ ಹೆಸರನ್ನು ಗಿಡಕ್ಕಿಡುವ ಈ ಪದ್ಧತಿ ಶಾಸ್ತ್ರದ್ದು. ನಂದಿಬಟ್ಟಲಿನ ಕುಲನಾಮವಾದ ಟೇಬರ್ನೆಮೊಂಟಾನದ ಹಿಂದೆ ಹದಿನಾರನೆಯ ಶತಮಾನದ ಜರ್ಮನ್ ಮೂಲಿಕಾತಜ್ಞನೊಬ್ಬನಿದ್ದಾನೆ. ಕನ್ನಡದ ಹೆಸರಿನಲ್ಲಿ ಇರುವುದು ದೇವರ ವಾಹನ ಮತ್ತು ಒಂದು ಬಟ್ಟಲು. ಜನಬಳಕೆಯ ಸಸ್ಯನಾಮಗಳಲ್ಲಿ ವ್ಯಕ್ತಿಗೆ ಪ್ರವೇಶ ಸಿಗಬೇಕಾದರೆ ಆತ ಪುರಾಣದವನಾಗಿರಬೇಕು.

ಹೆಸರಿನ ಸೊಗಸು ವಸ್ತುವಿನ ಗುರುತನ್ನು ನುಂಗಿಬಿಡುವ ಉದಾಹರಣೆಯೂ ಇದೆ. ಬ್ರಹ್ಮಕಮಲವೆಂಬ ಹೆಸರು ಮೂಲತಃ ಹಿಮಾಲಯದ ಎತ್ತರದಲ್ಲಿ ಅರಳುವ, ಉತ್ತರಾಖಂಡದ ರಾಜ್ಯಪುಷ್ಪವಾದ ಸಸ್ಯಕ್ಕೆ ಸೇರಿದ್ದು. ಕರ್ನಾಟಕದ ಮನೆಯಂಗಳದಲ್ಲಿ ಮಳೆಗಾಲದ ರಾತ್ರಿ ನೆರೆಹೊರೆಯವರನ್ನು ಕರೆದು ತೋರಿಸುವ ಬ್ರಹ್ಮಕಮಲ ಮಧ್ಯ ಅಮೆರಿಕ ಮೂಲದ ಒಂದು ಕಳ್ಳಿ. ಅದು ಎಲೆಯಂತೆ ಕಾಣುವ ಕಾಂಡದಿಂದಲೇ ಹೂ ಬಿಟ್ಟು ಬೆಳಗಾಗುವ ಮೊದಲೇ ಬಾಡುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ತಪ್ಪು ಹೆಸರೆಂದು ತಿದ್ದುತ್ತಲೇ ಇದ್ದಾರೆ, ಜನ ಬಿಟ್ಟಿಲ್ಲ. ಇಲ್ಲಿ ತಪ್ಪು ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಸಂಜೆಮಲ್ಲಿಗೆ ಎಂದವರು ಅದು ಮಲ್ಲಿಗೆಯಲ್ಲವೆಂದು ತಿಳಿದೇ ಹಾಗೆಂದರು. ವಿಶೇಷಣವೇ ಅದಕ್ಕೆ ಸಾಕ್ಷಿ. ಬ್ರಹ್ಮಕಮಲದಲ್ಲಿ ಅಂಥ ವಿಶೇಷಣವಿಲ್ಲ. ಅದು ಹೋಲಿಕೆಯಾಗಿ ಉಳಿಯದೆ ಇನ್ನೊಂದು ಸಸ್ಯದ ಹೆಸರಿನ ಅಪಹರಣವಾಗಿದೆ. ಹಿಮಾಲಯದ ಪಾವಿತ್ರ್ಯವನ್ನು ಕುಂಡದಲ್ಲಿ ಬೆಳೆದ ಕಳ್ಳಿಗೆ ಏರಿಸುವ ಈ ಕ್ರಿಯೆಯಲ್ಲಿ ನೋಟಕ್ಕಿಂತ ಹಂಬಲ ಹೆಚ್ಚು.

ಪಾರಿಜಾತದಲ್ಲಿ ತೋಟ ಮತ್ತು ಬಟ್ಟೆ ಅಕ್ಷರಶಃ ಕೂಡುತ್ತವೆ. ಅದರ ಕಿತ್ತಳೆ ಬಣ್ಣದ ತೊಟ್ಟಿನಂಥ ದಳನಾಳದಿಂದ ರೇಷ್ಮೆಗೂ ಹತ್ತಿಗೂ ಬಣ್ಣ ತೆಗೆಯುತ್ತಿದ್ದರು. ಬೆಳಗಿಗೆ ಹೂವೆಲ್ಲ ಉದುರಿಸಿ ನಿಲ್ಲುವ ಈ ಗಿಡವನ್ನು ಲ್ಯಾಟಿನ್ ನಾಮ ದುಃಖದ ಮರವೆಂದು ಕರೆದರೆ, ಇಲ್ಲಿಯ ಹೆಸರು ಅದನ್ನು ದೇವಲೋಕದ ಜಗಳಕ್ಕೆ ಜೋಡಿಸಿದೆ. ಉದುರುವುದನ್ನು ಒಂದು ಕಡೆ ಶೋಕವೆಂದು ಕಂಡರು. ಇನ್ನೊಂದು ಕಡೆ ನೆಲದಿಂದ ಆಯ್ದರೂ ಪೂಜೆಗೆ ಸಲ್ಲುವ ಹೂವೆಂಬ ವಿನಾಯಿತಿಯನ್ನೇ ಕೊಟ್ಟರು.

ಈಗ ಮಗ್ಗದ ಕಡೆಗೆ ಬರಬೇಕು. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯ ಲಕ್ಷಣ ಅದರ ಸೆರಗಿನಲ್ಲಿದೆ. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು ರೇಷ್ಮೆಯ ಸೆರಗಿನಲ್ಲಿ ನಡುನಡುವೆ ಬಿಳಿಯ ಪಟ್ಟಿಗಳು ಬಂದು, ಕೆಂಪು ಬಿಳುಪುಗಳು ಸೇರುವ ಗಡಿ ನೇರವಾಗಿರದೆ ಹಲ್ಲುಹಲ್ಲಾಗಿ ಕಾಣುತ್ತದೆ. ಸೆರಗಿನ ಈ ವಿನ್ಯಾಸಗಳಿಗೆ ದಾಖಲೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಹೆಸರುಗಳು ಸಿಗುತ್ತವೆ: ಹಣಿಗೆ, ಕೋಟಿ ಕಮ್ಮಲಿ, ತೋಪು ತೆನಿ, ರಂಪ. ಇವುಗಳಿಗೆ ಇಂಗ್ಲಿಷ್ ಬರಹಗಳು ಕೊಡುತ್ತ ಬಂದ ಅರ್ಥಗಳು ಕ್ರಮವಾಗಿ ಬಾಚಣಿಗೆ, ಕೋಟೆಯ ಗೋಡೆ, ಜೋಳ, ಬೆಟ್ಟದ ಸಾಲು. ತೋಪು ತೆನಿಗೆ ದೇವಸ್ಥಾನದ ಗೋಪುರವೆಂಬ ಇನ್ನೊಂದು ವಿವರಣೆಯೂ ಚಲಾವಣೆಯಲ್ಲಿದೆ. ಬಾಚಣಿಗೆ, ಕೋಟೆ, ಧಾನ್ಯ, ಬೆಟ್ಟ: ಹೀಗೆ ಓದಿದರೆ ನೇಕಾರನು ಕಣ್ಣಿಗೆ ಬಿದ್ದುದನ್ನೆಲ್ಲ ಸೆರಗಿಗೆ ತಂದನೆಂದೂ, ಹೆಸರುಗಳಲ್ಲಿ ಯಾವ ವ್ಯವಸ್ಥೆಯೂ ಇಲ್ಲವೆಂದೂ ತೋರುತ್ತದೆ.

ಈ ಅರ್ಥಗಳಲ್ಲಿ ಎರಡನ್ನಾದರೂ ಮರುಪರಿಶೀಲಿಸುವುದು ಅಗತ್ಯ. ತೆನೆ ಎಂದರೆ ಜೋಳದ ತೆನೆ ಎಂಬುದು ಇಂದಿನ ಮೊದಲ ಅರ್ಥವೇನೋ ಹೌದು. ಆದರೆ ಕನ್ನಡದಲ್ಲಿ ಕೋಟೆಗೂ ತೆನೆಯಿದೆ. ಕೋಟೆಗೋಡೆಯ ತಲೆಯ ಮೇಲೆ ಒಂದು ಎತ್ತರ ಒಂದು ಸಂದು ಎಂಬಂತೆ ಸಾಲಾಗಿ ಎದ್ದಿರುವ ಹಲ್ಲುಗಳಿಗೆ ತೆನೆ ಎಂಬ ಮಾತು ಹಳಗನ್ನಡ ಕಾವ್ಯದ ಪುರವರ್ಣನೆಗಳನ್ನು ಓದಿದವರಿಗೆ ಹೊಸದಲ್ಲ. ಇನ್ನು ತೋಪು. ಅದಕ್ಕೆ ಮರಗಳ ತೋಪು ಎಂಬ ಅರ್ಥವಿರುವಂತೆ ಫಿರಂಗಿ ಎಂಬ ಅರ್ಥವೂ ಇದೆ. ಎರಡನೆಯದು ತುರ್ಕಿ, ಪಾರಸಿ ಮಾರ್ಗವಾಗಿ ಬಂದ ಶಬ್ದ. ಜೋಳದ ಬೆಳೆಗೆ ಹೊಲವುಂಟು, ತೋಪಿಲ್ಲ. ತೋಪು ತೆನೆ ಎಂಬುದನ್ನು ಜೋಳವೆಂದು ಅರ್ಥೈಸಿದರೆ ಪೂರ್ವಪದಕ್ಕೆ ಕೆಲಸವೇ ಉಳಿಯುವುದಿಲ್ಲ. ಫಿರಂಗಿಯಿಟ್ಟ ಕೋಟೆಯ ತೆನೆ ಎಂದರೆ ಎರಡೂ ಪದಗಳು ಕೂಡಿಕೊಳ್ಳುತ್ತವೆ, ಸೆರಗಿನ ಹಲ್ಲುಗಳೊಂದಿಗೂ ಹೊಂದುತ್ತವೆ. ಇಳಕಲ್ಲು 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾಗುವವರೆಗೆ ಬಿಜಾಪುರ ಜಿಲ್ಲೆಯಲ್ಲಿತ್ತು. ಮಲಿಕ್-ಎ-ಮೈದಾನದಂಥ ಫಿರಂಗಿ ಇಂದಿಗೂ ಬುರುಜಿನ ಮೇಲೆ ಇರುವ ಸೀಮೆ ಅದು. ಮುದಗಲ್ಲು, ರಾಯಚೂರುಗಳ ಕೋಟೆಗಳೂ ದೂರದವಲ್ಲ. ಅಂಥಲ್ಲಿ ಈ ಹೆಸರು ಹುಟ್ಟಿದ್ದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಕೋಟಿ ಕಮ್ಮಲಿಯ ಕೋಟಿಯನ್ನು ಸಂಖ್ಯೆಯೆಂದು ಭಾವಿಸುವ ಅಪಾಯವೂ ಇದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುವುದು ಸಾಮಾನ್ಯ: ಮನೆ ಮನಿಯಾಗುತ್ತದೆ, ತೆನೆ ತೆನಿಯಾಗುತ್ತದೆ, ಹಾಗೆಯೇ ಕೋಟೆ ಕೋಟಿಯಾಗುತ್ತದೆ. ಇಲ್ಲಿ ಇಂಗ್ಲಿಷ್ ಬರಹಗಳು ಕೊಟ್ಟ ಕೋಟೆಯೆಂಬ ಅರ್ಥವೇ ಸರಿ. ರಂಪವಾದರೋ ಬೆಟ್ಟದ ಸಾಲೆಂದು ಹೇಳಲು ಕನ್ನಡದಲ್ಲಿ ಆಧಾರವಿಲ್ಲ. ರಂಪ ಎಂದರೆ ಜಗಳ, ಗಲಾಟೆ. ಅದು ಸೆರಗಿಗೆ ಸಲ್ಲದು. ತೆಲುಗಿನಲ್ಲಿ ಮಾತ್ರ ರಂಪಮು ಎಂದರೆ ಗರಗಸ. ಈ ಸೀಮೆಯ ನೇಕಾರ ಸಮುದಾಯಗಳಲ್ಲಿ ತೆಲುಗಿನ ಸಂಬಂಧವುಳ್ಳವರು ಇದ್ದಾರೆಂಬುದನ್ನು ನೆನೆದರೆ ಗರಗಸದ ಹಲ್ಲು ಎಂಬ ಅರ್ಥ ಬೆಟ್ಟಕ್ಕಿಂತ ಹತ್ತಿರದ್ದು.

ಹಾಗಾದಾಗ ನಾಲ್ಕೂ ಹೆಸರುಗಳು ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಬಾಚಣಿಗೆಗೆ ಹಲ್ಲುಂಟು, ಗರಗಸಕ್ಕೆ ಹಲ್ಲುಂಟು, ಕೋಟೆಯ ತಲೆಗೆ ಹಲ್ಲುಂಟು. ಸೆರಗಿನ ಗಡಿಯಲ್ಲಿ ಕಾಣುವ ಹಲ್ಲಿನ ಉದ್ದ, ಅಗಲ ಮತ್ತು ಸಂದುಗಳ ಭೇದವನ್ನು ಹೇಳಲು ಆ ಮಗ್ಗದವರು ಹಲ್ಲುಳ್ಳ ನಾಲ್ಕು ವಸ್ತುಗಳನ್ನು ಆಯ್ದುಕೊಂಡಿದ್ದಾರೆ. ಇದು ಮನಬಂದಂತೆ ಇಟ್ಟ ಹೆಸರುಗಳ ರಾಶಿಯಲ್ಲ, ಒಂದು ವರ್ಗೀಕರಣ. ಜೋಳ ಮತ್ತು ಬೆಟ್ಟಗಳನ್ನು ಒಳಗೆ ಬಿಟ್ಟದ್ದರಿಂದ ವರ್ಗೀಕರಣ ಮರೆಯಾಗಿ ಗ್ರಾಮೀಣ ಸೊಬಗಿನ ಒಂದು ಚಿತ್ರ ಮಾತ್ರ ಉಳಿಯಿತು. ಇದಕ್ಕೆ ಆಕ್ಷೇಪವೊಂದನ್ನು ಎತ್ತಬಹುದು: ಇಂದಿನ ನೇಕಾರನೇ ತೆನಿ ಎಂದರೆ ಜೋಳದ ತೆನಿ ಎಂದರೆ ಏನು ಮಾಡಬೇಕು? ಅವನ ಮಾತನ್ನು ಅಲ್ಲಗಳೆಯಲಾಗದು. ಕೋಟೆಗಳು ಕೆಲಸ ಕಳೆದುಕೊಂಡ ಮೇಲೆ ತೆನೆ ಶಬ್ದದಲ್ಲಿ ಹೊಲದ ಅರ್ಥವೇ ಮುಂದೆ ಬಂದಿರುವುದು ಸಹಜ. ಆದರೆ ಅದು ಹೆಸರಿನ ಇಂದಿನ ಬಾಳು. ಹುಟ್ಟಿನ ವಿಚಾರ ಬೇರೆ. ಸಂಗ್ರಹಕಾರರು ಎರಡನ್ನೂ ಬೇರೆಬೇರೆಯಾಗಿ ದಾಖಲಿಸಬೇಕಾಗಿತ್ತು.

ಹೆಸರು ಕೇಳುವವರ ಕಿವಿಯಲ್ಲಿ ಬದಲಾಗುವುದಕ್ಕೆ ಚಂದ್ರಕಾಳಿ ಸೀರೆ ಇನ್ನೂ ಸ್ಪಷ್ಟ ನಿದರ್ಶನ. ಮರಾಠಿಯಲ್ಲಿ ಕಪ್ಪು ಸೀರೆಗೆ ಚಂದ್ರಕಳಾ ಎಂಬ ಹೆಸರಿದೆ. ಅದರ ಮಾತಿನರ್ಥ ಚಂದ್ರನ ಕಲೆ. ಗಡಿ ದಾಟಿ ಕನ್ನಡಕ್ಕೆ ಬರುವಾಗ ಕಳಾ ಎಂಬುದು ಕಾಳಿಯಾಗಿ, ಸೀರೆಯ ಕಪ್ಪು ಹೆಸರಿನೊಳಕ್ಕೆ ಬಂದುಬಿಟ್ಟಿತು. ಇದನ್ನು ಅಪಭ್ರಂಶವೆಂದು ತಳ್ಳಿಹಾಕುವುದು ಸಲ್ಲದು. ಮರಾಠಿಯ ಹೆಸರು ಸುಂದರ, ಆದರೆ ಬಣ್ಣವನ್ನು ಹೇಳುವುದಿಲ್ಲ. ಕನ್ನಡದ ಹೆಸರು ಚಂದ್ರನನ್ನೂ ಇರುಳನ್ನೂ ಒಂದೇ ಮಾತಿನಲ್ಲಿ ಹೇಳಿತು.

ಕಸೂತಿಯಲ್ಲಿ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ, ತುಳಸಿಕಟ್ಟೆ ಮೊದಲಾದ ಚಿತ್ರಗಳ ಹೆಸರುಗಳು ವಿವರಣೆಯನ್ನು ಬೇಡುವುದಿಲ್ಲ, ಚಿತ್ರವೇ ಹೆಸರು. ವಿಚಾರಣೆಗೆ ತಕ್ಕವು ಹೊಲಿಗೆಯ ನಾಲ್ಕು ಬಗೆಗಳು: ಗವಂತಿ, ಮುರ್ಗಿ, ನೇಯ್ಗಿ ಮತ್ತು ಮೆಂಥಿ. ನೇಯ್ಗಿ ನೇಯ್ಗೆಯ ಭ್ರಮೆ ಹುಟ್ಟಿಸುವ ಹೊಲಿಗೆ. ಮೆಂಥಿ ಅಡ್ಡಗೀಟುಗಳ ದಟ್ಟ ಹೊಲಿಗೆ. ಒಂದೊಂದೂ ಮೆಂತ್ಯದ ಕಾಳಿನಂತೆ ಮೂಲೆಗಟ್ಟಿ ಉಬ್ಬಿ ನಿಲ್ಲುತ್ತದೆ. ಇಲ್ಲಿಯೂ ಕಣ್ಣು ಹೂವಿನ ಕಡೆಗೆ ಹೋಗಿಲ್ಲ, ಕೈಗೆ ದಿನವೂ ಸಿಗುವ ಕಾಳಿನ ಕಡೆಗೆ ಹೋಗಿದೆ. ಗವಂತಿ ಗಂಟು ಶಬ್ದದಿಂದ ಬಂದಿತೆಂಬ ವಿವರಣೆ ಬಹುಪ್ರಚಲಿತವಾದರೂ ಒಪ್ಪಲು ತೊಡಕಿದೆ. ಗಂಟಿನಿಂದ ಗವಂತಿಯಾಗುವ ಧ್ವನಿವ್ಯತ್ಯಾಸಕ್ಕೆ ಸಮಾನ ನಿದರ್ಶನಗಳನ್ನು ಯಾರೂ ತೋರಿಸಿಲ್ಲ. ಅಲ್ಲದೆ ದಾರಕ್ಕೆ ಗಂಟು ಹಾಕದೆಯೇ ಆರಂಭಿಸಿ ಎರಡೂ ಮೈ ಒಂದೇ ತೆರನಾಗಿ ಕಾಣುವಂತೆ ಹೊಲಿಯುವುದು ಕಸೂತಿಯ ಹೆಮ್ಮೆ. ಗಂಟಿಲ್ಲದ ಕಲೆಯ ಮೊದಲ ಹೊಲಿಗೆಗೆ ಗಂಟಿನ ಹೆಸರು ಬಂದಿದ್ದರೆ ಅದಕ್ಕೆ ಬೇರೆ ಕಾರಣ ಬೇಕು.

ಹೆಸರುಗಳು ಕಾನೂನಿನ ಕೈಗೆ ಬಂದ ಮೇಲೆ ಇನ್ನೊಂದು ಬಗೆಯ ತೊಡಕು ಹುಟ್ಟಿದೆ. ಭೌಗೋಳಿಕ ಸೂಚಕಗಳ 1999ರ ಕಾಯ್ದೆ 2003ರಲ್ಲಿ ಜಾರಿಗೆ ಬಂದಿತು. ಅದರಡಿಯಲ್ಲಿ ಇಳಕಲ್ ಸೀರೆ, ಕರ್ನಾಟಕದ ಕಸೂತಿ, ಸಂಡೂರಿನ ಲಂಬಾಣಿ ಕಸೂತಿಗಳಿಗೂ ಮೈಸೂರು, ಉಡುಪಿ ಮತ್ತು ಹಡಗಲಿ ಮಲ್ಲಿಗೆಗಳಿಗೂ ರಕ್ಷಣೆ ದೊರೆತಿದೆ. ತೋಟವೂ ಮಗ್ಗವೂ ಒಂದೇ ನೋಂದಣಿ ಪುಸ್ತಕದಲ್ಲಿ ಕೂಡಿದ್ದು ಬಹುಶಃ ಇದೇ ಮೊದಲು. ಆದರೆ ಈ ಕಾಯ್ದೆ ರಕ್ಷಿಸುವುದು ಊರಿನ ಹೆಸರನ್ನು. ತೋಪು ತೆನಿ, ಕೋಟಿ ಕಮ್ಮಲಿಗಳು ಊರುಗಳಲ್ಲವಾದ್ದರಿಂದ ಅವು ಹೆಚ್ಚೆಂದರೆ ಅರ್ಜಿಯ ವಿವರಣೆಯಲ್ಲಿ ಜಾಗ ಪಡೆಯುತ್ತವೆ. ಸಸ್ಯ ತಳಿ ಸಂರಕ್ಷಣೆಯ 2001ರ ಕಾಯ್ದೆಯ ನಿಲುವು ತದ್ವಿರುದ್ಧ: ಹೊಸ ತಳಿಯ ಹೆಸರು ಬರೀ ಅಂಕಿಗಳಿಂದ ಕೂಡಿರಬಾರದು, ಊರಿನ ಹೆಸರನ್ನೂ ಸಾಮಾನ್ಯವಾಗಿ ಒಳಗೊಂಡಿರಬಾರದು. ಹೀಗೆ ಹಳೆಯ ಮಲ್ಲಿಗೆಗೆ ಊರೇ ಆಸ್ತಿ, ಹೊಸ ಮಲ್ಲಿಗೆಗೆ ಊರೇ ನಿಷಿದ್ಧ. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಕವನಸಂಕಲನದ ಶೀರ್ಷಿಕೆ ಇಂದು ಒಂದು ಹೊಸ ತಳಿಯ ಹೆಸರಾಗಬೇಕೆಂದರೆ ಅಡ್ಡಿ ಎದುರಾಗುತ್ತದೆ.

ಊರೂ ಅಂಕಿಯೂ ಇಲ್ಲವೆಂದ ಮೇಲೆ ತಳಿಕಾರರಿಗೆ ಉಳಿದದ್ದು ವಿಶೇಷಣಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಕಾಯ್ದೆಗೂ ಮೊದಲೇ ಹೊರಬಂದ ಸುಗಂಧರಾಜದ ತಳಿಗಳಲ್ಲಿಯೂ ಈ ಒಲವು ಕಾಣುತ್ತದೆ: ಶೃಂಗಾರ, ಸುವಾಸಿನಿ, ಪ್ರಜ್ವಲ, ವೈಭವ. ತಳಿಗಳ ಗುಣದ ಬಗ್ಗೆ ತಕರಾರಿಲ್ಲ. ಹೆಸರುಗಳು ಮಾತ್ರ ಯಾವ ಹೂವಿಗೂ, ಯಾವ ಸಾಬೂನಿಗೂ ಸಲ್ಲುವಂಥವು. ಸುವಾಸಿನಿಯಲ್ಲಿ ಪರಿಮಳ ಮತ್ತು ಮುತ್ತೈದೆ ಎಂಬ ಎರಡರ್ಥಗಳ ಚಮತ್ಕಾರವಿದೆ, ನಿಜ. ಆದರೆ ಅದು ಹಲವು ಸುತ್ತಿನ ತಳಿ, ಮತ್ತು ಸುಗಂಧರಾಜದಲ್ಲಿ ಪರಿಮಳ ಹೆಚ್ಚಿರುವುದು ಒಂಟಿಸುತ್ತಿನ ಹೂವಿಗೆ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ವಿಕಿರಣದ ಮೂಲಕ ಪಡೆದ ಎರಡು ತಳಿಗಳಿಗೆ ರಜತರೇಖೆ, ಸ್ವರ್ಣರೇಖೆ ಎಂದು ಹೆಸರಿಟ್ಟಿತು. ಮೊದಲನೆಯದರ ಎಲೆಯ ನಡುವೆ ಬೆಳ್ಳಿಬಿಳುಪಿನ ಗೆರೆಯಿದೆ, ಎರಡನೆಯದರ ಅಂಚಿನಲ್ಲಿ ಹೊನ್ನಿನ ಗೆರೆಯಿದೆ. ಸಂಸ್ಕೃತ ಪದಗಳೇ ಆದರೂ ಇವು ಗಿಡವನ್ನು ನೋಡಿ ಇಟ್ಟ ಹೆಸರುಗಳು. ಜರಿಯಂಚನ್ನು ನೇಯ್ದವರು ಮೆಚ್ಚುವಂಥವು. ಪ್ರಯೋಗಾಲಯದಲ್ಲಿ ಒಳ್ಳೆಯ ಹೆಸರು ಹುಟ್ಟಲಾರದೆಂಬ ಮಾತಿಗೆ ಆಧಾರವಿಲ್ಲವೆಂಬುದಕ್ಕೆ ಇವೇ ಸಾಕ್ಷಿ.

ಕೈಮಗ್ಗದ ಮಾರಾಟಪಟ್ಟಿಗಳಲ್ಲಿ ವಿನ್ಯಾಸಕ್ಕೆ ಸಂಖ್ಯೆ ಕೊಡುವ ರೂಢಿ ಬಂದಮೇಲೆ ಮಗ್ಗದ ಹೆಸರು ಕೊಳ್ಳುವವರ ವರೆಗೆ ಬರುವುದೇ ಅಪರೂಪ. ವಸ್ತುಸಂಗ್ರಹಾಲಯದ ಚೀಟಿಗಳಲ್ಲಿ ಆಗುವ ನಷ್ಟ ಇನ್ನೂ ಸೂಕ್ಷ್ಮವಾದುದು. ಲಂಬಾಣಿ ಕಸೂತಿಯ ಹೊಲಿಗೆಗಳಲ್ಲಿ ಮಾಕಿ ಎಂಬುದೊಂದು, ಸೂರ್ಯಕಾಂತಿ ಮಾಕಿ ಎಂಬುದು ಇನ್ನೊಂದು. ಲಂಬಾಣಿ ಮಾತಿನ ಹೆಸರಿಗೆ ಹೊಲದಲ್ಲಿ ಕಂಡ ಹೂವಿನ ಹೆಸರು ವಿಶೇಷಣವಾಗಿ ಬಂದು ಸೇರಿದೆ. ಆ ಹೂವೂ ಅಮೆರಿಕದಿಂದ ಬಂದದ್ದು. ಚೀಟಿಯಲ್ಲಿ ‘ಸೂರ್ಯನ ವಿನ್ಯಾಸ’ ಎಂದು ಬರೆದರೆ ಈ ಸಂಗತಿಗಳೆಲ್ಲವೂ ಅಳಿಸಿಹೋಗುತ್ತವೆ.

ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟ. ಹಳೆಯ ಬಟ್ಟೆಗಳ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿದು ಮುಗಿಸುವಾಗ ನಾಲ್ಕು ಮೂಲೆಗಳಲ್ಲಿ ಮಡಿಕೆ ಮಾಡಿದ ಚಿಕ್ಕ ತುಂಡುಗಳನ್ನು ಕೂಡಿಸುತ್ತಾರೆ. ಇವಕ್ಕೆ ಅವರು ಫೂಲ, ಎಂದರೆ ಹೂ ಎನ್ನುತ್ತಾರೆ. ಹೊದೆಯುವುದಕ್ಕೆ ಇದರಿಂದ ಯಾವ ಉಪಯೋಗವೂ ಇಲ್ಲ. ಆಕಾರದಲ್ಲಿಯೂ ಅದು ಹೂವಿನಂತಿಲ್ಲ, ಪದರಪದರವಾದ ತ್ರಿಕೋನದಂತೆ ಕಾಣುತ್ತದೆ. ಆದರೂ ಹೂವಿಲ್ಲದ ಕೌದಿ ಬತ್ತಲೆಯೆಂದೇ ಅವರ ಮಾತು. ಇಂಗ್ಲಿಷ್ ಪಟ್ಟಿಯಲ್ಲಿ ಇದನ್ನು ‘ಮೂಲೆಯ ಅಲಂಕಾರ’ ಎಂದು ಬರೆದರೆ ವಸ್ತುವಿನ ವರ್ಣನೆ ತಪ್ಪಾಗುವುದಿಲ್ಲ. ಆದರೆ ಅಲಂಕಾರವಿಲ್ಲದ ಬಟ್ಟೆಯನ್ನು ಯಾರೂ ಬತ್ತಲೆ ಎನ್ನುವುದಿಲ್ಲ. ಬತ್ತಲೆ ಎಂಬ ಮಾತು ಏಕೆ ಬಂದಿತೆಂಬುದು ಫೂಲ ಎಂಬ ಹೆಸರನ್ನು ಬಿಟ್ಟರೆ ಎಲ್ಲಿಯೂ ತಿಳಿಯದು.